ಕಾಲು, ಗಾಲಿ, ರೆಕ್ಕೆ: ಉಜ್ಜಯಿನಿಯಿಂದ ಬೆಳಗೊಳಕ್ಕೆ ಹೋಗುವ ಬಗೆಗಳು

ಉಜ್ಜಯಿನಿಯಿಂದ ಶ್ರವಣಬೆಳಗೊಳಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 1,150 ಕಿಲೋಮೀಟರ್. ನೆಲದ ಮೇಲಿನ ದಾರಿ ಗೆರೆಯಷ್ಟು ನೇರವಲ್ಲ. ನರ್ಮದೆ, ತಾಪಿ, ಗೋದಾವರಿ, ಭೀಮೆ, ಕೃಷ್ಣೆ, ತುಂಗಭದ್ರೆಗಳನ್ನು ದಾಟಿ ಬರುವಾಗ ಇನ್ನೂ ಇನ್ನೂರು ಮುನ್ನೂರು ಕಿಲೋಮೀಟರ್ ಸೇರಿಕೊಳ್ಳುತ್ತದೆ. ಇಂದಿನ ಯಾತ್ರಿಕನಿಗೆ ಇದು ದೊಡ್ಡ ಮಾತಲ್ಲ. ಇಂದೋರಿನಲ್ಲಿ ವಿಮಾನ ಹತ್ತಿದರೆ ಎರಡು ತಾಸಿಗೆ ಬೆಂಗಳೂರು, ಅಲ್ಲಿಂದ ರಸ್ತೆಯಲ್ಲಿ ಸುಮಾರು 145 ಕಿಲೋಮೀಟರ್. ರೈಲಿನಲ್ಲಿ ಒಂದೂವರೆ ಎರಡು ದಿನ ಹಿಡಿಯುತ್ತದೆ. 2017ರ ಮಾರ್ಚ್‌ನಲ್ಲಿ ಕುಣಿಗಲ್ ಮೇಲಿನ ಬೆಂಗಳೂರು–ಹಾಸನ ಮಾರ್ಗ ತೆರೆದ ಮೇಲೆ ಶ್ರವಣಬೆಳಗೊಳದ ನಿಲ್ದಾಣದಲ್ಲೇ ಇಳಿಯಬಹುದು. ಇದೇ ದಾರಿಯನ್ನು ದಿಗಂಬರ ಮುನಿಯೊಬ್ಬರು ದಿನಕ್ಕೆ 20 ಕಿಲೋಮೀಟರಿನಂತೆ ನಡೆದರೆ ಎರಡೂವರೆ ತಿಂಗಳು ಬೇಕು. ನಡುವೆ ಮಳೆಗಾಲ ಬಂದರೆ ಸಿಕ್ಕ ಊರಿನಲ್ಲಿ ಚಾತುರ್ಮಾಸ್ಯಕ್ಕೆ ನಿಲ್ಲಬೇಕು. ಆಗ ಇನ್ನೊಂದು ನಾಲ್ಕು ತಿಂಗಳು.

ಎರಡು ಊರುಗಳ ನಡುವಿನ ಪ್ರಯಾಣವನ್ನು ಹೋಲಿಸುವಾಗ ಜನ ಸಾಮಾನ್ಯವಾಗಿ ನೋಡುವುದು ಹೊತ್ತು, ದುಡ್ಡು, ಮೈಗೆ ಆಗುವ ಆಯಾಸ. ಜೈನ ಆಚಾರಗ್ರಂಥಗಳು ಕೇಳುವ ಪ್ರಶ್ನೆ ಬೇರೆ. ಹೋಗುವವನ ಅಡಿಯಲ್ಲಿ ಏನು ಸಿಕ್ಕಿಕೊಳ್ಳುತ್ತದೆ, ಅದನ್ನು ಅವನು ಕಂಡನೇ, ಕಾಣಲು ಸಾಧ್ಯವಿತ್ತೇ ಎಂಬುದು ಅವುಗಳ ಮೊದಲ ವಿಚಾರಣೆ. ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಕಾಲ್ನಡಿಗೆ, ಬಂಡಿ, ದೋಣಿ, ವಿಮಾನ ಎಲ್ಲಕ್ಕೂ ಬೇರೆಯೇ ಒಂದು ಕ್ರಮ ಸಿಗುತ್ತದೆ. ಅದನ್ನು ಪರೀಕ್ಷಿಸಲು ಬೆಳಗೊಳದ ಸುತ್ತಲಿನ ನೆಲಕ್ಕಿಂತ ಒಳ್ಳೆಯ ಜಾಗ ಕಡಿಮೆ, ಏಕೆಂದರೆ ಈ ಕ್ಷೇತ್ರದ ಕಥೆಯೇ ಒಂದು ದೂರದ ಪ್ರಯಾಣದಿಂದ ಆರಂಭವಾಗುತ್ತದೆ.

ಚಂದ್ರಗಿರಿಯ ಮೇಲೆ, ಸುಮಾರು ಕ್ರಿ.ಶ. 600ರದೆಂದು ಎಣಿಸುವ ಶಾಸನವೊಂದಿದೆ. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿ ನಿಮಿತ್ತಜ್ಞಾನದಿಂದ ಹನ್ನೆರಡು ವರ್ಷದ ಕ್ಷಾಮವನ್ನು ಮುಂಗಂಡರು, ಸಂಘವೆಲ್ಲ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತು, ಕಟವಪ್ರ ಬೆಟ್ಟದಲ್ಲಿ (ಇದೇ ಚಂದ್ರಗಿರಿ) ಪ್ರಭಾಚಂದ್ರರೆಂಬ ಆಚಾರ್ಯರು ಉಳಿದು ದೇಹ ಬಿಟ್ಟರು ಎಂಬುದು ಅದರ ಸಾರ. ಮುಂದಿನ ಗ್ರಂಥಗಳು ಒಂದಕ್ಕೊಂದು ಹೊಂದುವುದಿಲ್ಲ. 931ರಲ್ಲಿ ಮುಗಿದ ಹರಿಷೇಣನ ಬೃಹತ್ಕಥಾಕೋಶದಲ್ಲಿ ಭದ್ರಬಾಹು ದಕ್ಷಿಣಕ್ಕೆ ಬರುವುದೇ ಇಲ್ಲ; ದೇವಚಂದ್ರನ ರಾಜಾವಳಿ ಕಥೆಯ ಹೊತ್ತಿಗೆ ಭದ್ರಬಾಹುವೂ ಅವರ ಶಿಷ್ಯನಾದ ದೊರೆ ಚಂದ್ರಗುಪ್ತನೂ ಇದೇ ಬೆಟ್ಟದಲ್ಲಿ ನೆಲೆಸಿದವರು. ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ, ಇಲ್ಲಿ ಅದನ್ನು ಬಗೆಹರಿಸುವ ಅಗತ್ಯವೂ ಇಲ್ಲ. ಈ ವಿಷಯಕ್ಕೆ ಬೇಕಾದದ್ದು ಶಾಸನದ ಇನ್ನೊಂದು ಗುಣ. ಸಂಘ ಎಷ್ಟು ದಿನ ನಡೆಯಿತು, ಎಷ್ಟು ಯೋಜನ ಸಾಗಿತು ಎಂದು ಅದು ಎಣಿಸುವುದಿಲ್ಲ. ತಲುಪಿದ ನಾಡು ನೂರಾರು ಹಳ್ಳಿಗಳದು, ನೆಮ್ಮದಿಯ ಜನ, ಧನ, ಪೈರು, ದನ, ಎಮ್ಮೆ, ಆಡು, ಕುರಿಗಳಿಂದ ತುಂಬಿದ್ದು ಎಂದು ಮಾತ್ರ ಬಣ್ಣಿಸುತ್ತದೆ. ಭಿಕ್ಷೆಯಿಂದ ಬದುಕುವ ಸಂಘಕ್ಕೆ ದಾರಿಯ ಲೆಕ್ಕ ಇರುವುದು ಹೀಗೆ: ಹಸಿದವರ ಮನೆಯಲ್ಲಿ ಕೈಯೊಡ್ಡುವ ಪ್ರಮೇಯ ಬರಬಾರದು.

ಈ ನಡಿಗೆಯ ಕಟ್ಟಳೆಗಳು ದಿಗಂಬರ ಮುನಿಗಳ ಆಚಾರಗ್ರಂಥವಾದ ಮೂಲಾಚಾರದಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ. ಎಚ್ಚರದ ನಿಯಮಗಳಾದ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ಹಗಲಿನಲ್ಲಿ, ಸೂರ್ಯನ ಬೆಳಕಿನಲ್ಲಿ, ನೊಗದುದ್ದ ಎಂದರೆ ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತ, ಕೆಲಸವಿದ್ದಾಗ ಮಾತ್ರ ನಡೆಯಬೇಕು. ಹೆಚ್ಚು ದೂರ ನೋಡಿದರೆ ಕಾಲಡಿಯ ಇರುವೆ ತಪ್ಪುತ್ತದೆ. ತೀರ ಹತ್ತಿರ ನೋಡಿದರೆ ಕಂಡರೂ ಹೆಜ್ಜೆ ಹಿಂತೆಗೆಯಲು ಹೊತ್ತಿರುವುದಿಲ್ಲ. ಕೈಯಲ್ಲಿ ನವಿಲುಗರಿಯ ಪಿಂಛಿ ಇರುವುದೂ ಇದಕ್ಕೇ, ಕೂರುವ ಜಾಗದಲ್ಲಿರುವ ಜೀವವನ್ನು ನೋಯಿಸದೆ ಸರಿಸಲು. ಇದರ ಜೊತೆಗೆ ಹಳ್ಳಿಯಲ್ಲಿ ಒಂದು ರಾತ್ರಿ, ಪಟ್ಟಣದಲ್ಲಿ ಐದು ದಿನ ಎಂಬ ಮಿತಿಯೂ ಇದೆ. ಹೀಗಾಗಿ ಮುನಿಗೆ ನಡಿಗೆ ಎರಡು ಊರುಗಳ ನಡುವಿನ ಸೇತುವೆಯಲ್ಲ. ಎಲ್ಲಿಯೂ ಮನೆಯಾಗದಂತೆ ಬದುಕುವ ಕ್ರಮವೇ ಅದು. ವಿಹಾರ ಎಂದು ಅದಕ್ಕೆ ಹೆಸರು. ಬೇಗ ತಲುಪಿಸುವ ಸಾಧನ ಅವರಿಗೆ ಕೊಡುವ ಲಾಭವಾದರೂ ಏನು ಎಂಬುದು ಇಲ್ಲಿಯೇ ಪ್ರಶ್ನೆಯಾಗುತ್ತದೆ.

ಯಾವ ದಾರಿಯಲ್ಲಿ ನಡೆಯಬೇಕು ಎಂದು ಹೇಳುವಾಗ ಅದೇ ಮೂಲಾಚಾರ ಓದುಗನನ್ನು ತಡೆದು ನಿಲ್ಲಿಸುವಂಥ ಮಾತೊಂದನ್ನು ಆಡುತ್ತದೆ. ಮುನಿ ನಡೆಯಬೇಕಾದದ್ದು ಪ್ರಾಸುಕ ಮಾರ್ಗದಲ್ಲಿ, ಅಂದರೆ ಜೀವಿಗಳಿಲ್ಲದ ದಾರಿಯಲ್ಲಿ. ಗಾಡಿ, ರಥಗಳು ಹಲವು ಸಲ ಹಾದುಹೋದದ್ದು, ಆನೆ, ಕುದುರೆ, ಕತ್ತೆ, ಒಂಟೆ, ದನ, ಎಮ್ಮೆಗಳು ತುಳಿದದ್ದು, ಹೆಂಗಸರು ಗಂಡಸರು ಓಡಾಡಿದ್ದು, ಬಿಸಿಲಿಗೆ ಕಾದದ್ದು, ನೇಗಿಲು ಹಾಯ್ದದ್ದು ಪ್ರಾಸುಕ. ಗಾಡಿ ಹತ್ತದ ಮುನಿಗೆ ದಾರಿ ಶುದ್ಧವಾಗುವುದು ಬೇರೆಯವರ ಗಾಡಿಯಿಂದ! ಇದನ್ನು ಕಪಟವೆಂದು ತಳ್ಳಿಹಾಕುವುದು ಸುಲಭ. ಆದರೆ ಗ್ರಂಥ ಇದನ್ನು ಮುಚ್ಚಿಡದೆ ಪಟ್ಟಿ ಮಾಡಿ ಹೇಳುತ್ತದೆ ಎಂಬುದನ್ನು ಗಮನಿಸಬೇಕು. ಲೋಕದ ಓಡಾಟ ಮುನಿಗಾಗಿ ನಡೆಯುವುದಲ್ಲ, ಮುನಿ ಹೇಳಿ ನಡೆಸುವುದೂ ಅಲ್ಲ. ಆಗಲೇ ಸವೆದ ಜಾಡಿನಲ್ಲಿ ಹೆಜ್ಜೆ ಇಟ್ಟರೆ ಹೊಸದಾಗಿ ಸಾಯುವ ಜೀವ ಕಡಿಮೆ ಎಂಬ ಲೆಕ್ಕ ಮಾತ್ರ ಅಲ್ಲಿದೆ.

ಈ ಲೆಕ್ಕದ ಹಿಂದಿರುವ ಸಿದ್ಧಾಂತ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ್ದು. ಅಲ್ಲಿ ಹಿಂಸೆ ಎಂದರೆ ಬರಿಯ ಪ್ರಾಣಹರಣವಲ್ಲ, ಪ್ರಮಾದದಿಂದ ಕೂಡಿದ ಪ್ರಾಣಹರಣ. ಕುಂದಕುಂದರ ಪ್ರವಚನಸಾರ ಇದನ್ನು ಇನ್ನೂ ಬಿಗಿ ಮಾಡುತ್ತದೆ: ಜೀವಿ ಸಾಯಲಿ ಬದುಕಲಿ, ಎಚ್ಚರ ತಪ್ಪಿ ನಡೆಯುವವನಿಗೆ ಹಿಂಸೆ ಖಚಿತ, ಎಚ್ಚರದಿಂದ ನಡೆಯುವವನ ಕಾಲಿಗೆ ಆಕಸ್ಮಿಕವಾಗಿ ಜೀವಿ ಸಿಕ್ಕಿ ಸತ್ತರೂ ಅಷ್ಟರಿಂದಲೇ ಕರ್ಮಬಂಧವಿಲ್ಲ. ಅಮೃತಚಂದ್ರರ ಪುರುಷಾರ್ಥಸಿದ್ಧ್ಯುಪಾಯ ರಾಗಾದಿಗಳು ಹುಟ್ಟುವುದನ್ನೇ ಹಿಂಸೆ ಎಂದು ಕರೆದು ವಾದವನ್ನು ಅದರ ಕೊನೆಯವರೆಗೂ ಒಯ್ಯುತ್ತದೆ.

ಹಾಗಾದರೆ ಎಚ್ಚರದಿಂದ ಓಡಿಸುವ ಬಸ್ಸಿನಲ್ಲಿ, ರಾಗದ್ವೇಷವಿಲ್ಲದೆ ಕುಳಿತ ಮುನಿಗೆ ದೋಷವೇನು? ಈ ಪ್ರಶ್ನೆ ಕುತರ್ಕವಲ್ಲ. ಸಿದ್ಧಾಂತವೇ ಅದಕ್ಕೆ ಬಾಗಿಲು ತೆರೆದಿಟ್ಟಿದೆ. ಉತ್ತರವನ್ನು ಆಚಾರಗ್ರಂಥಗಳ ಕಟ್ಟಿನೊಳಗೆ ಹುಡುಕಬೇಕು. ನಡೆಯುವವನ ಕಣ್ಣು ಮತ್ತು ಕಾಲು ಒಂದೇ ಮೈಯಲ್ಲಿವೆ. ಕಂಡದ್ದಕ್ಕೆ ತಕ್ಷಣ ಹೆಜ್ಜೆ ತಪ್ಪಿಸಬಹುದು. ವಾಹನದಲ್ಲಿ ಕಣ್ಣು ಚಾಲಕನದು, ಗಾಲಿ ಯಂತ್ರದ್ದು, ಹೋಗುವ ಇಚ್ಛೆ ಪ್ರಯಾಣಿಕನದು. ಚಾಲಕನಾದರೂ ಇರುವೆಯನ್ನು ನೋಡುತ್ತ ಓಡಿಸಲಾರ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನೊಗದುದ್ದದ ನೋಟಕ್ಕೆ ಅರ್ಥವಿಲ್ಲ. ಕಾಣಲಾಗದ ಸ್ಥಿತಿಗೆ ತಾನಾಗಿ ಹೋಗಿ ಕುಳಿತುಕೊಳ್ಳುವುದೇ ಪ್ರಮಾದ ಎಂದು ಸಂಪ್ರದಾಯ ತೀರ್ಮಾನಿಸಿದಂತಿದೆ. ಇದರ ಜೊತೆ ಇನ್ನೂ ಕೆಲವು ಕಾರಣಗಳು ಬರುತ್ತವೆ. ಜೈನ ಜೀವಗಣನೆಯಲ್ಲಿ ಬೆಂಕಿ, ಗಾಳಿ, ನೀರುಗಳೂ ಜೀವಿಗಳ ದೇಹವೇ. ಇಂಧನ ಉರಿಯದೆ ಇಂಜಿನ್ ತಿರುಗದು. ಟಿಕೆಟ್ಟಿಗೆ ದುಡ್ಡು ಬೇಕು, ಮುನಿಯ ಕೈಯಲ್ಲಿರುವುದು ಪಿಂಛಿ ಮತ್ತು ಕಮಂಡಲು. ದುಡ್ಡನ್ನು ಬೇರೆಯವರು ಕೊಟ್ಟರೆ ಮಾಡುವುದು, ಮಾಡಿಸುವುದು, ಒಪ್ಪುವುದು ಎಂಬ ಮೂರರಲ್ಲಿ ಎರಡನೆಯದೂ ಮೂರನೆಯದೂ ಅಂಟಿಕೊಳ್ಳುತ್ತವೆ. ಇವೆಲ್ಲ ಸರಿಯಾದ ಕಾರಣಗಳೇ. ಆದರೂ ನೋಟದ ಕಾರಣವೇ ಬುಡದಲ್ಲಿದೆ ಎನ್ನಲು ಆಧಾರವಿದೆ, ಏಕೆಂದರೆ ಈ ಪರಂಪರೆ ಒಂದು ವಾಹನಕ್ಕೆ ಎಡೆ ಕೊಟ್ಟಿತ್ತು.

ಆ ವಾಹನ ದೋಣಿ. ನರ್ಮದೆಯನ್ನು ಹಾಯದೆ ಮಾಳವದಿಂದ ಕನ್ನಡನಾಡಿಗೆ ಬರಲಾಗದು, ತುಂಬಿದ ಹೊಳೆಯನ್ನು ನಡೆದು ದಾಟಲೂ ಆಗದು. ಶ್ವೇತಾಂಬರರ ಆಚಾರಾಂಗದಲ್ಲಿ ದೋಣಿಯ ಮೇಲೆ ದೀರ್ಘವಾದ ಭಾಗವೇ ಇದೆ. ಸಾಧುವಿಗಾಗಿ ಕೊಂಡ ಅಥವಾ ಎರವಲು ತಂದ ದೋಣಿಯನ್ನು ಹತ್ತಬಾರದು. ಹಗ್ಗ ಎಳೆ, ಹುಟ್ಟು ಹಾಕು ಎಂದು ಅಂಬಿಗ ಕೇಳಿದರೆ ಸುಮ್ಮನಿರಬೇಕು. ದೋಣಿಯಲ್ಲಿ ತೂತು ಬಿದ್ದು ನೀರು ನುಗ್ಗುತ್ತಿದ್ದರೂ ಹೇಳಬಾರದು! ಇಂದಿನ ಓದುಗನಿಗೆ ಕೊನೆಯ ನಿಯಮ ವಿಚಿತ್ರವಾಗಿ, ಸಹಪ್ರಯಾಣಿಕರ ಮಟ್ಟಿಗೆ ನಿಷ್ಕರುಣವಾಗಿಯೂ ಕಂಡರೆ ಆಶ್ಚರ್ಯವಿಲ್ಲ. ಸಾಧು ತನ್ನ ಜೀವ ಉಳಿಸಿಕೊಳ್ಳಲು ದೋಣಿಯ ವ್ಯವಹಾರಕ್ಕೆ ಕೈ ಹಾಕಬಾರದು ಎಂಬುದು ಅದರ ಹಿಂದಿನ ತರ್ಕ. ದಿಗಂಬರರು ಈಗಿರುವ ಆಚಾರಾಂಗವನ್ನು ಪ್ರಮಾಣವೆಂದು ಒಪ್ಪುವುದಿಲ್ಲ, ಆದರೆ ಹೊಳೆ ಅವರಿಗೂ ಅಡ್ಡ ಬಂದದ್ದೇ. ಭಗವತೀ ಆರಾಧನೆಗೆ ಅಪರಾಜಿತಸೂರಿ ಬರೆದ ವಿಜಯೋದಯಾ ಟೀಕೆಯ ಪ್ರಕಾರ ಮುನಿ ದೋಣಿ ಹತ್ತುವಾಗ ಆಚೆ ದಡ ಮುಟ್ಟುವವರೆಗೆ ಆಹಾರವನ್ನೂ ದೇಹದ ಮಮತೆಯನ್ನೂ ತ್ಯಜಿಸಬೇಕು, ಇಳಿದ ಮೇಲೆ ನಿಶ್ಚಲ ಧ್ಯಾನವಾದ ಕಾಯೋತ್ಸರ್ಗ ಮಾಡಬೇಕು. ನೀರಿನ ಜೀವ ಕಣ್ಣಿಗೆ ಕಾಣದು; ಕಾಣದ ದಾರಿಯಲ್ಲಿ ಹೋದದ್ದಕ್ಕೆ ಪ್ರಾಯಶ್ಚಿತ್ತವಿದೆ. ಆ ದಾರಿಯನ್ನು ಶುದ್ಧವೆಂದು ಯಾರೂ ಕರೆಯಲಿಲ್ಲ.

ರೈಲು ಮತ್ತು ವಿಮಾನಕ್ಕೂ ಇದೇ ವಿನಾಯಿತಿ ಸಲ್ಲಬೇಕೆಂಬ ವಾದ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ್ದು, ಮುಖ್ಯವಾಗಿ ಶ್ವೇತಾಂಬರ ವಲಯದ್ದು. ಸಮುದ್ರದಾಚೆ ಜೈನ ಕುಟುಂಬಗಳು ನೆಲೆಸಿದ್ದವು. ನಡೆದು ಹೋಗಲಾಗದ ಜಾಗದಲ್ಲಿ ಧರ್ಮ ತಿಳಿಸುವವರು ಯಾರು? ಮುನಿ ಚಿತ್ರಭಾನು 1970ರಲ್ಲಿ ಜಿನೀವಾಕ್ಕೆ ಹಾರಿದರು, ಆಚಾರ್ಯ ಸುಶೀಲಕುಮಾರ 1975ರಲ್ಲಿ ಅಮೆರಿಕಕ್ಕೆ ಹೋದರು. ಎರಡೂ ಪ್ರಯಾಣಗಳಿಗೆ ಸಮಾಜದೊಳಗೆ ತೀವ್ರ ವಿರೋಧ ಬಂತು. ತೇರಾಪಂಥದ ಆಚಾರ್ಯ ತುಲಸಿ ಬೇರೊಂದು ದಾರಿ ಹುಡುಕಿದರು. ಸಾಧ್ವಿಯರ ನಿಯಮವನ್ನು ಸಡಿಲಿಸದೆ, ಗೃಹಸ್ಥರಿಗೂ ಸಾಧ್ವಿಯರಿಗೂ ನಡುವೆ ಸಮಣಿ ಎಂಬ ಹೊಸ ಶ್ರೇಣಿಯನ್ನು 1980ರಲ್ಲಿ ಕಟ್ಟಿದರು. ಸಮಣಿಯರು ವಾಹನ ಏರಬಹುದು, ವಿದೇಶಕ್ಕೂ ಹೋಗಬಹುದು. ಪ್ರಾಮಾಣಿಕತೆಯ ದೃಷ್ಟಿಯಿಂದ ಈ ಮೂರನೆಯ ಮಾರ್ಗ ಮೇಲು. ವಾಹನ ಏರಿದವರನ್ನು ನಡೆಯುವವರ ಹೆಸರಿನಿಂದಲೇ ಕರೆದು ಗೊಂದಲ ಮಾಡುವ ಬದಲು ಅವರ ವ್ರತ ಎಷ್ಟು ಎಂಬುದನ್ನು ಅದು ಹೊರಗಿಟ್ಟು ಹೇಳುತ್ತದೆ.

ದಿಗಂಬರರಲ್ಲಿ ಇಂಥ ನಡುವಿನ ಸ್ಥಾನ ಶತಮಾನಗಳಿಂದ ಇದೆ. ಅದು ಭಟ್ಟಾರಕರದು. ಶ್ರವಣಬೆಳಗೊಳದ ಮಠದ ಪೀಠಕ್ಕೆ ಬರುವವರೆಲ್ಲ ಚಾರುಕೀರ್ತಿ ಎಂಬ ಹೆಸರು ಹೊರುತ್ತಾರೆ. ಭಟ್ಟಾರಕರು ವಸ್ತ್ರ ಉಡುತ್ತಾರೆ, ಮಠದ ಆಸ್ತಿ ನೋಡಿಕೊಳ್ಳುತ್ತಾರೆ, ಹಿಂದೆ ಪಲ್ಲಕ್ಕಿಯಲ್ಲಿ ಸಂಚರಿಸಿದರು, ಈಗ ಕಾರಿನಲ್ಲಿ. ಅವರನ್ನು ನಿರ್ಗ್ರಂಥ ಮುನಿಗಳೊಡನೆ ಅಳೆದು ಹೀಗಳೆಯುವುದು ಉತ್ತರ ಭಾರತದಲ್ಲಿ ಹದಿನೇಳನೆಯ ಶತಮಾನದಿಂದ ನಡೆದುಬಂದ ವಾದ. ಅಲ್ಲಿನ ತೇರಾಪಂಥಿ ದಿಗಂಬರರು ಭಟ್ಟಾರಕ ಪೀಠಗಳನ್ನೇ ನಿರಾಕರಿಸಿದರು. (ಈ ತೇರಾಪಂಥ ಆಚಾರ್ಯ ತುಲಸಿಯವರ ಪಂಥವಲ್ಲ.) ಕನ್ನಡನಾಡಿನಲ್ಲಿ ಆ ಜಗಳ ಅಷ್ಟು ಕಾವು ಪಡೆಯಲಿಲ್ಲ. ಕ್ಷೇತ್ರವನ್ನು ಕಾಯುವವನು ಒಂದೆಡೆ ನೆಲೆಸಬೇಕು, ಕರೆದಾಗ ಬೇಗ ಹೋಗಬೇಕು. ಎಲ್ಲಿಯೂ ನೆಲೆಸಬಾರದ ಮುನಿಗೆ ಆ ಕೆಲಸ ಸಲ್ಲದು. ಗೊಮ್ಮಟನ ಮಹಾಮಸ್ತಕಾಭಿಷೇಕದ ವರ್ಷಗಳಲ್ಲಿ ಇಬ್ಬರೂ ಒಂದೇ ಕಡೆ ಕಾಣುತ್ತಾರೆ. 1993, 2006, 2018ರ ಅಭಿಷೇಕಗಳಿಗೆ ಆಚಾರ್ಯ ವರ್ಧಮಾನಸಾಗರರು ಉತ್ತರದಿಂದ ಸಂಘದೊಡನೆ ನಡೆದು ಬಂದರು. ಆ ಮೂರು ಸಲವೂ ಬಂದವರಿಗೆಲ್ಲ ಊಟ, ವಸತಿ, ರಸ್ತೆಗಳ ಏರ್ಪಾಡಿನ ಮುಂದಾಳತ್ವ ವಹಿಸಿದವರು ಆಗ ಪೀಠದಲ್ಲಿದ್ದ ಚಾರುಕೀರ್ತಿ ಭಟ್ಟಾರಕರು.

1981ರಲ್ಲಿ, ಗೊಮ್ಮಟ ಪ್ರತಿಷ್ಠೆಯ ಸಾವಿರ ವರ್ಷದ ಅಭಿಷೇಕಕ್ಕೆ ಆಗಿನ ಪ್ರಧಾನಿ ಇಂದಿರಾ ಗಾಂಧಿ ಹೆಲಿಕಾಪ್ಟರಿನಲ್ಲಿ ಬಂದು ಮೇಲಿನಿಂದ ಪುಷ್ಪವೃಷ್ಟಿ ಮಾಡಿದರು. ಆಕಾಶದ ದಾರಿ ಬೆಳಗೊಳಕ್ಕೆ ಅಪರಿಚಿತವೇನಲ್ಲ. ಇಲ್ಲಿನ ಸಿದ್ಧರ ಬಸದಿಯಲ್ಲಿರುವ 1398ರ ಶಾಸನ ಕುಂದಕುಂದಾಚಾರ್ಯರು ನೆಲಕ್ಕಿಂತ ನಾಲ್ಕು ಅಂಗುಲ ಮೇಲೆ ಸಂಚರಿಸುತ್ತಿದ್ದರು ಎನ್ನುತ್ತದೆ. ಒಳಗೂ ಹೊರಗೂ ಧೂಳು ಸೋಕದವರು ಎಂದು ತೋರಿಸಲು ಹಾಗೆ ನಡೆದರೆಂದು ಕವಿಯ ಊಹೆ. ತಪಸ್ಸಿನಿಂದ ಚಾರಣಋದ್ಧಿ ಎಂಬ ಸಂಚಾರಶಕ್ತಿ ಪಡೆದ ಮುನಿಗಳು ಎಲೆ, ಹೂವು, ನೀರು, ಜೇಡರ ನೂಲಿನ ಮೇಲೂ ಅಲ್ಲಿನ ಜೀವಿಗಳಿಗೆ ನೋವಾಗದಂತೆ ಹೋಗಬಲ್ಲರು ಎಂದು ಗ್ರಂಥಗಳು ಹೇಳುತ್ತವೆ. ನಂಬುವುದು ಬಿಡುವುದು ಓದುಗನಿಗೆ ಬಿಟ್ಟದ್ದು. ಆ ಕಲ್ಪನೆ ಬೆಲೆ ಕೊಟ್ಟದ್ದು ಯಾವುದಕ್ಕೆ ಎಂಬುದು ಮಾತ್ರ ಸ್ಪಷ್ಟ: ವೇಗಕ್ಕಲ್ಲ, ನೆಲ ಮುಟ್ಟದಿರುವುದಕ್ಕೆ. ವಿಮಾನವೂ ನೆಲ ಮುಟ್ಟದೆ ಹೋಗುತ್ತದೆ, ಆದರೆ ಅದು ಏರಲು ಇಳಿಯಲು ಬೇಕಾದ ನೆಲದ ವಿಸ್ತಾರವನ್ನೂ ಉರಿಸುವ ಇಂಧನವನ್ನೂ ನೋಡಿದರೆ ಋದ್ಧಿಗೆ ಅದನ್ನು ಹೋಲಿಸುವ ಉತ್ಸಾಹ ಇಳಿಯುತ್ತದೆ.

ಇಷ್ಟು ಮುನಿಗಳ ಮಾತಾಯಿತು. ದಾರಿ ತುಂಬ ಓಡಾಡುವವರು ಗೃಹಸ್ಥರು. ಅವರಿಗೆ ವಾಹನ ನಿಷಿದ್ಧವಲ್ಲ, ಆದರೆ ಹೋಗುವುದಕ್ಕೇ ಮಿತಿ ಇದೆ. ಈ ವಿಷಯದಲ್ಲಿ ಜೈನ ಚಿಂತನೆ ಎಲ್ಲಕ್ಕಿಂತ ಸ್ವಂತಿಕೆ ತೋರುವುದೂ ಇಲ್ಲಿಯೇ. ದಿಗ್ವ್ರತ ಹಿಡಿದವನು ಹತ್ತು ದಿಕ್ಕಿನಲ್ಲೂ ತಾನು ಬದುಕಿರುವವರೆಗೆ ಇಷ್ಟರಾಚೆ ಹೋಗುವುದಿಲ್ಲ ಎಂದು ಎಲ್ಲೆ ಹಾಕಿಕೊಳ್ಳುತ್ತಾನೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಆ ಎಲ್ಲೆಗೆ ಸಮುದ್ರ, ನದಿ, ಕಾಡು, ಬೆಟ್ಟ, ನಾಡು, ಯೋಜನಗಳನ್ನು ಗುರುತಾಗಿ ಹೇಳುತ್ತದೆ. ಅದರೊಳಗೆ ದಿನಕ್ಕೋ ತಿಂಗಳಿಗೋ ಇನ್ನೂ ಕಿರಿದಾದ ಎಲ್ಲೆ ಹಾಕಿಕೊಂಡರೆ ಅದು ದೇಶವ್ರತ. ಎಲ್ಲೆಯಾಚೆ ಲಾಭ ಕಾದಿದ್ದರೂ ಹೋಗದಿರುವುದರಿಂದ ಲೋಭ ಇಳಿಯುತ್ತದೆ ಎಂದು ಪೂಜ್ಯಪಾದರ ಸರ್ವಾರ್ಥಸಿದ್ಧಿ ಕಾರಣ ಕೊಡುತ್ತದೆ. ದೂರದೂರದ ಸಂತೆಗಳಿಗೆ ಹೋಗುತ್ತಿದ್ದ ವ್ಯಾಪಾರಿ ಸಮುದಾಯಕ್ಕೆ ಈ ವ್ರತ ಎಷ್ಟು ಬಿಗಿಯಾದದ್ದು ಎಂಬುದು ಬೆಳಗೊಳದ ವರ್ತಕರ ನಗರ ಜಿನಾಲಯವನ್ನು ನೆನೆದರೆ ಅರಿವಾಗುತ್ತದೆ.

ಸಮಂತಭದ್ರರು ಇನ್ನೂ ಮುಂದೆ ಹೋಗುತ್ತಾರೆ. ಎಲ್ಲೆಯಾಚೆ ಇವನಿಂದ ಸೂಕ್ಷ್ಮ ಪಾಪವೂ ನಡೆಯುವುದಿಲ್ಲವಾದ್ದರಿಂದ ಆ ಹೊರನೆಲದ ಮಟ್ಟಿಗೆ ಗೃಹಸ್ಥನ ಸೀಮಿತ ಅಣುವ್ರತಗಳು ಮುನಿಯ ಮಹಾವ್ರತಗಳಾಗುತ್ತವೆ. ಎಂದೂ ಕಾಲಿಡದ ಊರಿನ ಮಟ್ಟಿಗೆ ಅಂಗಡಿಯವನೂ ಮುನಿಗೆ ಸಮ! ಉಜ್ಜಯಿನಿಗೂ ಬೆಳಗೊಳಕ್ಕೂ ನಡುವೆ ಹೋಗುವ ಬಗೆಗಳನ್ನು ಹೋಲಿಸುವಾಗ ಹೋಗದಿರುವುದನ್ನೂ ಒಂದು ಬಗೆಯಾಗಿ ಎಣಿಸುವ ಈ ವಿಚಾರ ಬೇರೆಡೆ ಕಾಣುವುದು ಅಪರೂಪ. ಅದೇ ಗ್ರಂಥ ಅನರ್ಥದಂಡಗಳ, ಎಂದರೆ ಉಪಯೋಗವಿಲ್ಲದ ಹಿಂಸೆಗಳ, ಪಟ್ಟಿಯಲ್ಲಿ ಉದ್ದೇಶವಿಲ್ಲದೆ ಸುಮ್ಮನೆ ಅಲೆಯುವುದನ್ನೂ ಬೇರೆಯವರನ್ನು ಅಲೆಸುವುದನ್ನೂ ಸೇರಿಸುತ್ತದೆ, ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಮುರಿಯುವುದರ ಸಾಲಿನಲ್ಲಿ. ಈ ಎಲ್ಲೆಗಳು ಕಾಲ್ನಡಿಗೆಯ ಲೋಕದಲ್ಲಿ ಹುಟ್ಟಿದವು. ಮೇಲಿನ ದಿಕ್ಕಿನ ಎಲ್ಲೆ ಮೀರುವುದಕ್ಕೆ ಸರ್ವಾರ್ಥಸಿದ್ಧಿ ಕೊಡುವ ಉದಾಹರಣೆ ಬೆಟ್ಟ ಹತ್ತುವುದು, ಕೆಳಗಿನದಕ್ಕೆ ಬಾವಿಗೆ ಇಳಿಯುವುದು. ಇಂದು ವ್ರತ ಹಿಡಿಯುವವನು ವಿಮಾನದ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವೈದಿಕ ಪರಂಪರೆಯಲ್ಲೂ ತೀರ್ಥಯಾತ್ರೆಗೆ ನಡಿಗೆಯೇ ಮೇಲು. ಮತ್ಸ್ಯಪುರಾಣದ ಪ್ರಯಾಗಮಾಹಾತ್ಮ್ಯ ಎತ್ತು ಏರಿ ಹೋಗುವವನಿಗೆ ನರಕ ಹೇಳುತ್ತದೆ. ಸಿರಿಯ ಸೊಕ್ಕಿನಿಂದ, ಲೋಭದಿಂದ ವಾಹನದಲ್ಲಿ ಹೋದರೆ ಯಾತ್ರೆ ನಿಷ್ಫಲ ಎನ್ನುತ್ತದೆ. ಶಿವರಾತ್ರಿಯ ಹೊತ್ತಿಗೆ ಹಾಸನ ಜಿಲ್ಲೆಯ ರಸ್ತೆಗಳಲ್ಲಿ ಧರ್ಮಸ್ಥಳಕ್ಕೆ ನಡೆದು ಹೋಗುವ ಗುಂಪುಗಳು ಇಂದಿಗೂ ಸಿಗುತ್ತವೆ. ಆದರೆ ಅಲ್ಲಿ ನಡಿಗೆ ಹರಕೆ. ಮೈ ದಣಿದಷ್ಟೂ ಫಲ ಹೆಚ್ಚು, ಗುರಿ ತಲುಪಿದ ಮೇಲೆ ಬಸ್ಸಿನಲ್ಲಿ ಮರಳಿದರೆ ಕುಂದಿಲ್ಲ. ಮುನಿಯ ವಿಹಾರಕ್ಕೆ ಮರಳುವ ಪ್ರಯಾಣವೆಂಬುದಿಲ್ಲ.

ಮತ್ತೆ ಜೈನ ಗೃಹಸ್ಥರ ಕಡೆಗೆ ಬಂದರೆ, ಬೆಳಗೊಳಕ್ಕೆ ಒಂದು ಮೈಲಿಯಷ್ಟು ಉತ್ತರಕ್ಕಿರುವ ಜಿನನಾಥಪುರ ಅವರ ಧರ್ಮದ ಕೂಸು. ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಸುಮಾರು 1117ರಲ್ಲಿ ಈ ಊರನ್ನು ನೆಲೆಗೊಳಿಸಿದ. ಇಲ್ಲಿನ ಶಾಂತಿನಾಥ ಬಸದಿಯನ್ನು ಸುಮಾರು 1200ರಲ್ಲಿ ಕಟ್ಟಿಸಿ ಸಾಗರಣಂದಿ ಸಿದ್ಧಾಂತದೇವರಿಗೆ ಒಪ್ಪಿಸಿದವನು ರೇಚಣ. ಅವನು ಮೊದಲು ಕಳಚುರಿಗಳಲ್ಲಿದ್ದು ಆಮೇಲೆ ಎರಡನೆಯ ಬಲ್ಲಾಳನ ಆಶ್ರಯಕ್ಕೆ ಬಂದ ದಂಡನಾಯಕ. ಇಬ್ಬರೂ ಕುದುರೆ ಏರಿ, ದಂಡು ಕಟ್ಟಿಕೊಂಡು ನಾಡುನಾಡು ಸುತ್ತಿದವರು. ಹಾಗೆ ಸುತ್ತಿ ಗಳಿಸಿದ್ದರಿಂದ ಎದ್ದ ಬಸದಿ ನಡೆದು ಬರುವವರಿಗೆ ತಂಗುದಾಣವಾಯಿತು. ಹೊರಗೋಡೆಯ ಶಿಲ್ಪದ ಸಿರಿಯಲ್ಲಿ ಕರ್ನಾಟಕದ ಜೈನ ಬಸದಿಗಳ ಮುಂಚೂಣಿಯಲ್ಲಿ ನಿಲ್ಲುವ ಕಟ್ಟಡವಿದು. ಆದರೂ ಬೇಲೂರು, ಹಳೇಬೀಡು, ಬೆಳಗೊಳಗಳನ್ನು ಒಂದೇ ಹಗಲಿನಲ್ಲಿ ಮುಗಿಸುವ ಪ್ರವಾಸದ ಬಸ್ಸುಗಳು ಇಲ್ಲಿಗೆ ತಿರುಗುವುದು ವಿರಳ. ಗೊಮ್ಮಟನಿರುವ ವಿಂಧ್ಯಗಿರಿಯ ಬುಡದಲ್ಲಿ ಚಪ್ಪಲಿ ಬಿಟ್ಟು ಆರುನೂರಕ್ಕೂ ಮಿಕ್ಕಿದ ಮೆಟ್ಟಿಲು ಹತ್ತುವಾಗ ಮಾತ್ರ, ಯಾವ ವಾಹನದಲ್ಲಿ ಬಂದವರಾದರೂ ಒಂದಿಷ್ಟು ಹೊತ್ತು ಬರಿಗಾಲಿನ ನಡಿಗೆಯವರಾಗುತ್ತಾರೆ. ಹತ್ತಲಾರದವರಿಗೆ ಡೋಲಿ ಉಂಟು.

ಕಾಲ್ನಡಿಗೆಯ ಸುತ್ತ ಇಂದು ಗಾಲಿಗಳ ದೊಡ್ಡ ಬಳಗವೇ ಇದೆ ಎಂಬುದನ್ನೂ ಹೇಳಬೇಕು. ದಿಗಂಬರ ಮುನಿ ದಿನಕ್ಕೊಮ್ಮೆ, ನಿಂತು, ಅಂಗೈಯಲ್ಲಿ ಆಹಾರ ಸ್ವೀಕರಿಸುವವರು. ನೀರು, ಧಾನ್ಯ, ಅಡುಗೆಯ ಶುದ್ಧಿಗೆ ಕಟ್ಟುನಿಟ್ಟಾದ ನಿಯಮಗಳಿವೆ. ಜೈನರ ಮನೆಯಿಲ್ಲದ ಊರುಗಳು ದಾರಿಯಲ್ಲಿ ಸಾಲುಸಾಲಾಗಿ ಬಂದಾಗ ಗೃಹಸ್ಥರಾದ ಶ್ರಾವಕರು ಪಾತ್ರೆ, ಒಲೆ, ದಿನಸಿಗಳನ್ನು ವಾಹನದಲ್ಲಿ ತುಂಬಿಕೊಂಡು ಮುಂದಿನ ಬಿಡಾರಕ್ಕೆ ಹೋಗಿ ಅಡುಗೆ ಮಾಡುತ್ತಾರೆ. ಇಷ್ಟು ಗಾಲಿ ಉರುಳುವುದಾದರೆ ಮುನಿಯೂ ಒಂದರಲ್ಲಿ ಕೂತರೆ ಹಿಂಸೆ ಕಡಿಮೆಯಾಗುವುದಲ್ಲವೇ ಎಂದು ಕೇಳುವವರುಂಟು. ಲೆಕ್ಕದಲ್ಲಿ ಅದು ನಿಜವೂ ಇರಬಹುದು. ಆದರೆ ಮುನಿಯ ವ್ರತ ಲೋಕದ ಒಟ್ಟು ಹಿಂಸೆಯ ಮೊತ್ತವನ್ನು ಇಳಿಸುವ ಒಪ್ಪಂದವಲ್ಲ. ತನ್ನ ಹೆಜ್ಜೆಗೆ ತಾನು ಹೊಣೆ ಎಂಬ ಕಟ್ಟು. ಈ ಉತ್ತರ ಸಾಕಾಗದ ಜಾಗವೂ ಒಂದಿದೆ. ತನಗೆಂದೇ ಮಾಡಿದ ಆಹಾರ ಮುನಿಗೆ ಸಲ್ಲದು, ಅದಕ್ಕೆ ಉದ್ದಿಷ್ಟ ದೋಷವೆಂದು ಹೆಸರು. ವಾಹನದಲ್ಲಿ ಹಿಂಬಾಲಿಸುವ ಅಡುಗೆ ಯಾರಿಗೆಂದು ಮಾಡಿದ್ದು? ತಾವು ಉಣ್ಣಲು ಮಾಡಿದ ಅಡುಗೆಯಲ್ಲಿ ಮೊದಲ ಭಾಗವನ್ನು ಮುನಿಗೆ ಕೊಡುತ್ತೇವೆ ಎಂದು ಶ್ರಾವಕರು ಹೇಳುತ್ತಾರೆ. ಈ ಮಾತು ವ್ರತದ ಅಕ್ಷರವನ್ನು ಉಳಿಸುತ್ತದೆ. ಅದರಾಚೆಗಿನದನ್ನು ಉಳಿಸುತ್ತದೆ ಎನ್ನಲು ಧೈರ್ಯ ಸಾಲದು.

ಹೆದ್ದಾರಿಯೂ ಹಳೆಯ ಕಟ್ಟಳೆಯನ್ನು ವಕ್ರ ಪರೀಕ್ಷೆಗೆ ಒಡ್ಡಿದೆ. ಮೂಲಾಚಾರದ ಅಳತೆಯಲ್ಲಿ ಡಾಂಬರು ರಸ್ತೆಗಿಂತ ಪ್ರಾಸುಕವಾದ ದಾರಿ ಇನ್ನೊಂದಿಲ್ಲ: ಹುಲ್ಲಿಲ್ಲ, ಹುತ್ತವಿಲ್ಲ, ಗಾಲಿ ಬಿಡುವಿಲ್ಲದೆ ಹಾಯುತ್ತದೆ, ಬಿಸಿಲು ಕಾಯಿಸುತ್ತದೆ. ಆದರೆ ಬೇಸಿಗೆಯಲ್ಲಿ ಹತ್ತು ಗಂಟೆಯ ಹೊತ್ತಿಗೆ ಬರಿಗಾಲು ಇಡಲಾಗದಷ್ಟು ಅದು ಕಾದಿರುತ್ತದೆ. ನಸುಕಿನಲ್ಲೇ ಹೊರಡೋಣವೆಂದರೆ ನೆಲ ಕಾಣುವ ಬೆಳಕಿರುವುದಿಲ್ಲ. ವಾಹನ ಓಡಿಸುವವನಿಗೆ ನಡೆಯುವವರೂ ಕಾಣುವುದಿಲ್ಲ. ದೇಶದ ಹೆದ್ದಾರಿಗಳಲ್ಲಿ ವಿಹಾರದ ವೇಳೆ ವಾಹನ ಬಡಿದು ಸಾಧುಗಳೂ ಸಾಧ್ವಿಯರೂ ಸತ್ತ ಘಟನೆಗಳು ಮತ್ತೆ ಮತ್ತೆ ವರದಿಯಾಗಿವೆ. ಜೀವಿಗಳಿಗೆ ಕ್ಷೇಮವಾದ ದಾರಿ ನಡೆಯುವವರಿಗೆ ಅಪಾಯದ್ದಾಗಿದೆ. ರಸ್ತೆಯ ಪಕ್ಕದಲ್ಲಿ ನಡಿಗೆಗೆ ಬೇರೆ ಹಾದಿ ಬೇಕೆಂಬ ಸಮಾಜದ ಬೇಡಿಕೆಗೆ ಇದೇ ಕಾರಣ.

ದೂರದಿಂದ ಬೆಳಗೊಳಕ್ಕೆ ನಡೆದು ಬಂದವರಲ್ಲಿ ಅನೇಕರು ಇಲ್ಲಿಂದ ಮುಂದೆ ಎಲ್ಲಿಗೂ ಹೋಗಲಿಲ್ಲ. ಚಂದ್ರಗಿರಿಯ ಏಳನೆಯ ಶತಮಾನದ ಶಾಸನಗಳು ನೋಂತು ಮುಡಿಪಿದವರ, ಎಂದರೆ ವ್ರತ ಹಿಡಿದು ದೇಹ ಬಿಟ್ಟವರ ಹೆಸರು, ಅವರ ಗುರು, ಅವರು ಬಂದ ಊರುಗಳನ್ನು ಹೇಳುತ್ತವೆ. ಚಿತ್ತೂರಿನ ಮೌನಿಗುರುಗಳ ಶಿಷ್ಯೆ ನಾಗಮತಿ ಗಂತಿಯರ್ ಮೂರು ತಿಂಗಳು ನೋಂತು ಇಲ್ಲಿ ದೇಹ ಬಿಟ್ಟವರು. ಇಂಥ ಪ್ರಯಾಣಕ್ಕೆ ಶಿವಾರ್ಯರ ಭಗವತೀ ಆರಾಧನೆಯಲ್ಲಿ ನಿಯಮವಿದೆ. ಸಮಾಧಿಮರಣ (ಆಹಾರ ತ್ಯಜಿಸಿ ಶಾಂತವಾಗಿ ದೇಹ ಬಿಡುವ ವ್ರತ) ಬಯಸುವ ಮುನಿ ಅದನ್ನು ನಡೆಸಿಕೊಡಬಲ್ಲ ನಿರ್ಯಾಪಕ ಆಚಾರ್ಯರನ್ನು ಹುಡುಕಿಕೊಂಡು ಐನೂರು, ಆರುನೂರು, ಏಳುನೂರು ಯೋಜನ, ಅದಕ್ಕೂ ಹೆಚ್ಚು ದೂರ ಹೋಗಬಹುದು. ಹುಡುಕಾಟ ಹನ್ನೆರಡು ವರ್ಷ ಹಿಡಿದರೂ ಸರಿ. ತಪ್ಪುಗಳನ್ನು ಗುರುವಿನ ಮುಂದೆ ಒಪ್ಪಿಸುವ ಮನಸ್ಸಿನಿಂದ ಹೊರಟವನು ನಡುದಾರಿಯಲ್ಲೇ ಸತ್ತರೂ ಅವನು ಆರಾಧಕನೇ. ಅಷ್ಟು ದೂರದ ಪ್ರಯಾಣದಲ್ಲಿ ತಲುಪದಿರುವುದು ಸೋಲೆಂದು ಈ ಲೆಕ್ಕ ಒಪ್ಪುವುದಿಲ್ಲ. ಬೇಗ ತಲುಪಿಸುವ ವಾಹನ ಈ ಪ್ರಯಾಣಿಕನಿಗೆ ಕೊಡಬಹುದಾದ ಏಕೈಕ ವಸ್ತು, ಸಾವಿಗಿಂತ ಮೊದಲೇ ತಲುಪಿಸುವ ಭರವಸೆ. ಅದೂ ಅವನಿಗೆ ಬೇಕಿಲ್ಲ.

ನಡಿಗೆಯ ವ್ರತದಲ್ಲಿ ಕಾಲಿಗಿಂತ ಕಣ್ಣಿನ ಪಾಲು ದೊಡ್ಡದು ಎಂಬುದಕ್ಕೆ ಇಪ್ಪತ್ತನೆಯ ಶತಮಾನದ ಸಾಕ್ಷ್ಯ ಆಚಾರ್ಯ ಶಾಂತಿಸಾಗರರದು. ಬೆಳಗಾವಿ ಸೀಮೆಯ ಭೋಜ ಗ್ರಾಮದ ಮನೆತನದವರು, 1872ರಲ್ಲಿ ಹುಟ್ಟಿದವರು. 1920ರ ದಶಕದ ಕೊನೆಯಲ್ಲಿ ಸಂಘದೊಡನೆ ದಕ್ಷಿಣದಿಂದ ಸಮ್ಮೇದಶಿಖರಕ್ಕೆ ನಡೆದರು, ಉತ್ತರದ ಊರುಗಳಲ್ಲಿ ಚಾತುರ್ಮಾಸ್ಯ ಮಾಡಿ ದೆಹಲಿಯನ್ನೂ ಮುಟ್ಟಿದರು. ನಗ್ನ ಮುನಿಗಳ ಸಂಚಾರವೇ ಅಪರೂಪವಾಗಿದ್ದ ಆ ಕಾಲದಲ್ಲಿ ಅವರು ನಡೆದ ಹಾದಿಯಲ್ಲೇ ಮುಂದಿನ ದಿಗಂಬರ ಸಂಘಗಳು ನಡೆದವು. ವಯಸ್ಸಾದ ಮೇಲೆ ಅವರ ಕಣ್ಣು ಮಂಜಾಗತೊಡಗಿತು. ಶಿಷ್ಯರು ಕೈ ಹಿಡಿದು ನಡೆಸಬಹುದಿತ್ತು. ಆದರೆ ನೆಲದ ಜೀವವನ್ನು ತಾನು ಕಾಣಲಾರದ ಮೇಲೆ ಈರ್ಯಾಸಮಿತಿ ಉಳಿಯುವುದಿಲ್ಲ ಎಂದು ಅವರು ಕುಂಥಲಗಿರಿಯಲ್ಲಿ 1955ರ ಆಗಸ್ಟ್‌ನಲ್ಲಿ ಸಮಾಧಿಮರಣದ ವ್ರತವಾದ ಸಲ್ಲೇಖನ ಹಿಡಿದರು. ಸೆಪ್ಟೆಂಬರ್ 18ರಂದು ದೇಹ ಬಿಟ್ಟರು.